ಹದಿನಾರನೆಯ ದಿನದ ಜಿಂಕೆ

ಇಷ್ಪೆಮಿಂಗ್, ಮಿಷಿಗನ್
ಶನಿವಾರ, ಡಿಸೆಂಬರ್ 2, 1967

ಸಾಯ್ಮಾ,

ಈ ಪತ್ರವನ್ನು ನಿನ್ನ ಕೈಗಿತ್ತವನು ನಿನ್ನ ತಮ್ಮ. ಅವನು ಬದುಕಿದ್ದಾನೆಂದು ನಾನು ಬರೆಯಬೇಕಾಗಿಲ್ಲ. ಬಾಗಿಲು ತೆರೆದಾಗ ನೀನೇ ಕಂಡಿದ್ದೀ. ಅವನ ಮೂಗು ಮುರಿದಿದೆ. ಮುಂದಿನ ಎರಡು ಹಲ್ಲುಗಳಿಲ್ಲ. ಎಡಗಣ್ಣು ತೆರೆಯಲು ಇನ್ನೂ ಮೂರು ನಾಲ್ಕು ದಿನ ಬೇಕು. ಹಿಮದಲ್ಲಿ ಟ್ರಕ್ಕು ಜಾರಿತೆಂದು ಅವನು ಹೇಳಿದ್ದರೆ ನಂಬಬೇಡ. ಅವನನ್ನು ಹೊಡೆದವನು ನಾನು. ನನ್ನ ಅಕ್ಷರ ಹೀಗೆ ಸೊಟ್ಟಗಾಗಿರುವುದಕ್ಕೂ ಅದೇ ಕಾರಣ. ಬಲಗೈಯ ಗೆಣ್ಣುಗಳು ಊದಿಕೊಂಡಿವೆ.

ನವೆಂಬರ್ ಹತ್ತರಂದು ನೀನು ಬರೆದ ಪತ್ರದಲ್ಲಿ ಎರಡೇ ವಾಕ್ಯಗಳಿದ್ದವು. ಹನ್ನೊಂದು ತಿಂಗಳ ಮೌನದ ನಂತರ ಎರಡು ವಾಕ್ಯ. ಮೊದಲನೆಯದು: ನನ್ನ ತಮ್ಮನನ್ನು ಜೀವಸಹಿತ ಕಳಿಸು. ಎರಡನೆಯದು: ಗುಂಡು ಬಿದ್ದಾಗ ಕರವಸ್ತ್ರ ನಮ್ಮ ಮಗ ರೂಬೆನ್‌ನ ಬಲಗೈಯಲ್ಲಿತ್ತೋ ಎಡಗೈಯಲ್ಲಿತ್ತೋ, ಅದನ್ನಾದರೂ ತಿಳಿಸು. ಮೊದಲನೆಯದಕ್ಕೆ ಉತ್ತರ ನಿನ್ನ ಅಕ್ಕನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದೆ. ಎರಡನೆಯದಕ್ಕೆ ಉತ್ತರ ಕೊಡುವ ಮುನ್ನ ನಾನು ಕೆಲವು ಸಂಗತಿಗಳನ್ನು ಅನುಕ್ರಮವಾಗಿ ನಿನ್ನ ಮುಂದಿಡಬೇಕು. ಅನುಕ್ರಮವಿಲ್ಲದೆ ನನಗೆ ಮಾತೇ ಬರುವುದಿಲ್ಲವೆಂದು ನೀನು ಹಿಂದೆಯೇ ದೂರಿದ್ದೆ. ಯಾರು ಯಾವ ಪಕ್ಷವೆಂದು ನಾಣ್ಯ ಎಸೆದು ಗೊತ್ತುಮಾಡುತ್ತಿದ್ದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಬೆಳ್ಳಿಯ ಬಟ್ಟಲು ಗೆದ್ದ ಸಂಜೆ, ಅಭಿನಂದಿಸಲು ಬಂದ ನೀನು ಆಡಿದ ಮೊದಲ ಮಾತು ನೆನಪಿದೆಯೆ? "ನಾಣ್ಯ ಆ ಕಡೆ ಬಿದ್ದಿದ್ರೆ ಇದರ ವಿರುದ್ಧವೂ ಇಷ್ಟೇ ಚೆನ್ನಾಗಿ ಮಾತಾಡ್ತಿದ್ರಿ, ಅಲ್ವ?" ಎಂದಿದ್ದೆ. ನಾನು ಹೊಗಳಿಕೆಯೆಂದು ಸ್ವೀಕರಿಸಿದ್ದೆ.

ನಿನ್ನ ಭಯ ನಿರಾಧಾರವಾಗಿರಲಿಲ್ಲ. ಈ ವರ್ಷದ ಬೇಟೆಗೆ ನಿನ್ನ ತಮ್ಮ ಓಯ್ವನನ್ನು ಕರೆದವನು ನಾನೇ. ನೆಸ್ಟರನ ಬೇಟೆಮನೆಗೆ ಪ್ರತಿ ವರ್ಷ ಬರುವ ಉಳಿದ ಐವರೂ ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಸತ್ತ ರೂಬೆನ್‌ನ ತಂದೆಯಾದ ನಾನೂ ಅವನನ್ನು ಕೊಂದ ಓಯ್ವನೂ ಒಂದೇ ಒಲೆಯ ಮುಂದೆ ಕೂರುವುದನ್ನು ನೋಡಲು ಯಾರಿಗೂ ಇಷ್ಟವಿರಲಿಲ್ಲ. ಅದು ನನಗೆ ಅನುಕೂಲವೇ ಆಗಿತ್ತು. ಗಣಿಯಲ್ಲಿ ಯಾರಾದರೂ ಸತ್ತರೆ ಕಾರಣವನ್ನು ವರದಿಯಾಗಿ ಬರೆಯುವವನು ನಾನು. ಇಪ್ಪತ್ತೆರಡು ವರ್ಷಗಳಿಂದ ಬರೆದಿದ್ದೇನೆ. ಕಾಡಿನಲ್ಲಿ ಒಬ್ಬ ಮನುಷ್ಯ ಗುಂಡು ತಗುಲಿ ಸತ್ತರೆ ಅದಕ್ಕೆ ಎಂಥ ಕಾರಣ ಸಾಕು, ಎಷ್ಟು ವಾಕ್ಯಗಳು ಸಾಕು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿಲ್ಲ. ನವೆಂಬರ್ ಹದಿನಾಲ್ಕರ ಮಧ್ಯಾಹ್ನ, ಬೇಟೆಯ ಋತುವಿನ ಹಿಂದಿನ ದಿನ, ಕೋವಿಯನ್ನು ಒರೆಸಿ ಚೀಲಕ್ಕಿಟ್ಟಾಗ ನನ್ನ ಉದ್ದೇಶ ಜಿಂಕೆಯಾಗಿರಲಿಲ್ಲ. ಇದನ್ನು ನಾನು ಶಾಂತಚಿತ್ತನಾಗಿ ಬರೆಯುತ್ತಿದ್ದೇನೆ. ನೀನೂ ಹಾಗೆಯೇ ಓದಬೇಕು.

ಆದರೆ ಈ ಋತು ನಮ್ಮೆಲ್ಲರನ್ನೂ ಅಣಕಿಸಿತು. ಬೇಟೆಮನೆಯ ಮುಂದೆ ಕೊಂದ ಜಿಂಕೆ ನೇತುಹಾಕುವ ತೂಗುಕಂಬ ಹದಿನೈದು ದಿನ ಬೆತ್ತಲೆಯಾಗಿ ನಿಂತಿತ್ತು. ಎಪ್ಪತ್ತನಾಲ್ಕರ ನೆಸ್ಟರ್ ಪ್ರತಿ ಬೆಳಿಗ್ಗೆ ಕಾಫಿ ಹಿಡಿದು ಅದರ ಕೆಳಗೆ ನಿಂತು, ತನ್ನ ಒಳಚಡ್ಡಿಯನ್ನಾದರೂ ಒಣಹಾಕಲೇ ಎಂದು ಕೇಳುತ್ತಿದ್ದ. ಮೊದಲ ಎರಡು ದಿನ ಮಂಜು. ಆಮೇಲೆ ಸರೋವರದ ಕಡೆಯ ಗಾಳಿ. ಸೋಹು ಬೇಟೆಗೆ ಕನಿಷ್ಠ ಆರು ಜನ ಬೇಕು, ನಾವು ಮೂವರು. ಸದ್ದು ಮಾಡುತ್ತ ಪೊದೆ ಹೊಕ್ಕು ಜಿಂಕೆಗಳನ್ನು ಎಬ್ಬಿಸಲು ಇಬ್ಬರು ಹೋದರೆ, ಅವು ನುಗ್ಗಿ ಬರುವ ಕಂಡಿಯಲ್ಲಿ ಕೋವಿ ಹಿಡಿದು ಕೂರಲು ಒಬ್ಬನೇ ಉಳಿಯುತ್ತಿದ್ದ. ನಾನು ಪ್ರತಿದಿನವೂ ಆ ಒಂದೇ ಕಂಡಿಯಲ್ಲಿ, ಆ ಒಂದೇ ಬೊಡ್ಡೆಯ ಮೇಲೆ ಕೂತೆ. ಯಾವುದೆಂದು ನಿನಗೆ ಗೊತ್ತು.

ಮೂರನೆಯ ದಿನ ಬೆಳಿಗ್ಗೆ ಸೀಡರ್ ಪೊದೆಗಳ ನಡುವೆ ಬೆಳ್ಳಗೆ ಏನೋ ಮಿಂಚಿತು. ಇಲ್ಲಿನ ಜಿಂಕೆ ತನ್ನ ಬಿಳಿ ಬಾಲವೆತ್ತಿದ ಹಾಗೆಯೇ. ಕೋವಿ ತಾನಾಗಿ ಹೆಗಲಿಗೇರಿತು. ಮತ್ತೆ ಮಿಂಚಿತು, ಅಲ್ಲೇ, ಅಷ್ಟೇ ಎತ್ತರದಲ್ಲಿ. ಅದು ಬರ್ಚ್ ಮರವೊಂದರಿಂದ ಸುಲಿದು ಜೋತುಬಿದ್ದ ತೊಗಟೆ. ಗಾಳಿ ಬಂದಾಗ ಮಗುಚುತ್ತಿತ್ತು. ನಾನು ಎದ್ದು ಹೋಗಿ ಅದನ್ನು ನೋಡಿ ಬಂದೆ. ಅದರ ವಿಷಯ ಆಮೇಲೆ.

ಏಳನೆಯ ದಿನ ಹೆಣ್ಣು ಜಿಂಕೆಯೊಂದು ನಮ್ಮ ದಾರಿಗೆ ಅಡ್ಡ ಬಂದು ನಿಂತಿತು, ಓಡಲಿಲ್ಲ. ಯಾರದೋ ಗುಂಡು ಅದರ ಕೆಳದವಡೆಯನ್ನು ಕಿತ್ತೊಯ್ದಿತ್ತು. ನಾಲಗೆ ಕೊರಳಿನವರೆಗೆ ಇಳಿಬಿದ್ದು ಕಪ್ಪಾಗಿ ಹೆಪ್ಪುಗಟ್ಟಿತ್ತು. ಪಕ್ಕೆಲುಬುಗಳು ಎಣಿಸುವಂತಿದ್ದವು, ಒಂದು ವಾರದಿಂದ ಏನನ್ನೂ ತಿಂದಿರಲಾರದು. ಹೆಣ್ಣನ್ನು ಕೊಲ್ಲಲು ನಮಗೆ ಪರವಾನಗಿಯಿಲ್ಲ. ನಾನು ಆ ಮಾತನ್ನು ಆಡುವಷ್ಟರಲ್ಲಿ ಓಯ್ವ ಅದರ ಹಣೆಗೆ ಗುಂಡು ಹೊಡೆದ. ಆಮೇಲೆ ಮರಕ್ಕೆ ಆನಿಕೊಂಡು ವಾಂತಿ ಮಾಡಿದ. ನಾನು ಅವನ ಬೆನ್ನನ್ನೇ ನೋಡುತ್ತ ನಿಂತಿದ್ದೆ. ಹತ್ತು ಗಜ. ನೆಸ್ಟರ್ ಹಿಂದೆಯೆಲ್ಲೋ ಉಳಿದಿದ್ದ. ಅಂದೇ ಮುಗಿಸಬಹುದಾಗಿತ್ತು. ವಾಂತಿ ಮಾಡುತ್ತಿರುವವನ ಬೆನ್ನಿಗೆ ಹೊಡೆಯುವುದು ಅಸಹ್ಯವೆನಿಸಿತು. ನನ್ನನ್ನು ತಡೆದದ್ದು ಕರುಣೆಯಲ್ಲ. ನನ್ನ ಬಗ್ಗೆ ನೀನು ಯಾವ ಒಳ್ಳೆಯ ಭಾವನೆಯನ್ನೂ ಇಟ್ಟುಕೊಳ್ಳುವುದು ಬೇಡ.

ಒಂಬತ್ತನೆಯ ದಿನ, ಟರ್ಕಿಯ ಬದಲು ಡಬ್ಬಿಯ ಮಾಂಸ ತಿಂದು ಥ್ಯಾಂಕ್ಸ್‌ಗಿವಿಂಗ್ ಮುಗಿಸಿದ ಮೇಲೆ, ತೊರೆಯ ಬದಿಯಲ್ಲಿ ಓಯ್ವನಿಗೆ ಒಳ್ಳೆಯ ಕೊಂಬಿನ ಗಂಡೊಂದು ನಲವತ್ತು ಗಜದಲ್ಲಿ ಸಿಕ್ಕಿತು. ಅವನು ಅದರ ತಲೆಯ ಮೇಲೆ ಆಕಾಶಕ್ಕೆ ಹೊಡೆದ. ಗುರಿ ತಪ್ಪಿದವನ ಅಂಗಿಯ ಬಾಲ ಕತ್ತರಿಸುವುದು ನೆಸ್ಟರನ ಮನೆಯಲ್ಲಿ ಅವನ ಅಪ್ಪನ ಕಾಲದಿಂದ ಬಂದದ್ದು. ಓಯ್ವ ತಾನಾಗಿ ತಿರುಗಿ ನಿಂತ. ನೆಸ್ಟರ್ ಕುರಿಯ ಕತ್ತರಿ ತಂದು ಅವನ ಬಿಳಿಯ ಉಣ್ಣೆ ಒಳಂಗಿಯಿಂದ ಅಂಗೈಯಗಲದ ಎರಡು ಪಟ್ಟು ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಮೊಳೆ ಹೊಡೆದ. "ಆಕಾಶದಲ್ಲಿ ಜಿಂಕೆ ಇದ್ದಿದ್ರೆ ಚರ್ಚಿನೋರು ಇಷ್ಟು ದಿನ ಬಿಡ್ತಿದ್ರೇನೋ ಮರಿ?" ಎಂದ. ಓಯ್ವ ನಗಲಿಲ್ಲ, ನಾನೂ ನಗಲಿಲ್ಲ. ಮುದುಕ ಒಬ್ಬನೇ ನಕ್ಕು, ಒಬ್ಬನೇ ನಿಲ್ಲಿಸಿದ.

ಮೊನ್ನೆ ಗುರುವಾರ, ಹದಿನಾರನೆಯ ದಿನ, ಋತುವಿನ ಕೊನೆ. ಬೆಳಿಗ್ಗೆ ಬೂಟು ಹಾಕುವಾಗ ನೋಡಿದೆ: ಗೋಡೆಯ ಮೇಲೆ ಓಯ್ವನ ಮೊಳೆ ಇತ್ತು, ಬಟ್ಟೆಯಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕೊನೆಯ ಸೋಹು. ಯಾರು ಎಲ್ಲಿ ನಡೆಯಬೇಕೆಂದು ಗೊತ್ತುಮಾಡುವ ಅಧಿಕಾರ ಕಳೆದ ವರ್ಷದ ಹಾಗೆಯೇ ನನ್ನದಾಗಿತ್ತು. ನೆಸ್ಟರನನ್ನು ಬಾಣಲೆ ಬಡಿಯುತ್ತ ತೊರೆಯ ದಂಡೆಯಲ್ಲಿ ಕಳಿಸಿದೆ. ಓಯ್ವನಿಗೆ ಸೀಡರ್ ಪೊದೆಯ ನಟ್ಟನಡುವಿನ ದಾರಿ ಕೊಟ್ಟೆ, ಕಳೆದ ವರ್ಷ ರೂಬೆನ್‌ಗೆ ಕೊಟ್ಟದ್ದನ್ನೇ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ತನ್ನ ಕೋವಿಯನ್ನು ಮರಕ್ಕೆ ಒರಗಿಸಿಟ್ಟು, ಬರಿಗೈಯಲ್ಲಿ ಹೊರಟ.

ನಾನು ಬೊಡ್ಡೆಯ ಮೇಲೆ ಕೂತೆ. ಅರ್ಧ ಗಂಟೆಯ ನಂತರ ಕೊಂಬೆ ಮುರಿಯುವ ಸದ್ದು, ಆಮೇಲೆ ಕೆಂಪು ಚೌಕಳಿಯ ಕೋಟು. ಅರವತ್ತು ಗಜದಲ್ಲಿ ಅವನ ಎದೆ ನನ್ನ ಗುರಿಕಟ್ಟಿನ ತುದಿಗೆ ಬಂದು ಕೂತಿತು. ಕೋವಿಯ ಕುದುರೆಯನ್ನು ಎಳೆಯಬಹುದಾದಷ್ಟು ಎಳೆದಿದ್ದೆ, ಉಳಿದದ್ದು ಕೂದಲೆಳೆ. ಅವನಿಗೆ ನಾನು ಕಾಣುತ್ತಿದ್ದೆ. ನಿಂತ. ಜೇಬಿನಿಂದ ಆ ಬಿಳಿಯ ಅಂಗಿಬಾಲವನ್ನು ತೆಗೆದು, ಮೂಗಿನ ಹತ್ತಿರ ಹಿಡಿದುಕೊಂಡ. ರೂಬೆನ್ ಬಿಳಿ ಕರವಸ್ತ್ರವನ್ನು ಹಿಡಿದಿದ್ದನೆಂದು ನಾನು ಅವನ ಸಾವಿನ ವಿಚಾರಣೆಯಲ್ಲಿ ವರ್ಣಿಸಿದ್ದೆನಲ್ಲ, ಹಾಗೆಯೇ. ಹಿಡಿದು, ಕಣ್ಣು ಮುಚ್ಚಿಕೊಂಡ.

ಸಾಯ್ಮಾ, ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಎರಡೂ ಪಕ್ಷಗಳ ವಾದ ನನ್ನೊಳಗೆ ಮುಗಿದುಹೋಗಿತ್ತು. ನಾಣ್ಯ ಮಾತ್ರ ಕೆಳಗೆ ಬೀಳುತ್ತಿರಲಿಲ್ಲ. ಅವನೂ ನಿಂತೇ ಇದ್ದ. ಆ ನಿಲುವನ್ನು ತಾಳಲಾರದೆ ಎದ್ದದ್ದು ಜಿಂಕೆ. ನಮ್ಮಿಬ್ಬರ ನಡುವಿನ ಬಿದ್ದ ಮರದ ಮರೆಯಲ್ಲಿ, ಅವನ ಕಾಲಿನಿಂದ ಐದು ಮಾರು ದೂರದಲ್ಲಿ, ಅಷ್ಟು ಹೊತ್ತೂ ಅವಚಿಕೊಂಡು ಮಲಗಿತ್ತು. ಎಂಟು ಕವಲಿನ ಗಂಡು. ಹಿಮವನ್ನು ಚಿಮ್ಮಿಸಿಕೊಂಡು ನೇರ ನನ್ನ ಮೇಲೆಯೇ ಬಂತು, ಪಕ್ಕದಲ್ಲಿ ಹಾಯ್ದು ಹಿಂದಕ್ಕೆ ನುಗ್ಗಿತು. ನಾನು ತಿರುಗಿ, ಓಯ್ವನಿಗೆ ಬೆನ್ನು ಹಾಕಿ, ಹೊಡೆದೆ.

ಒಳ್ಳೆಯ ಈಡಲ್ಲ. ಬೆನ್ನುಮೂಳೆಯ ಕೆಳಗೆ ತಗುಲಿ ಹಿಂಗಾಲುಗಳೆರಡೂ ಸತ್ತವು. ಅದು ಮುಂಗಾಲುಗಳಿಂದ ತನ್ನನ್ನೇ ಎಳೆದುಕೊಳ್ಳುತ್ತ, ಕರುವಿನಂತೆ ಅರಚುತ್ತ, ಹಿಮದ ಮೇಲೆ ಕೆಂಪು ಸಾಲು ಬರೆಯುತ್ತ ಹೋಯಿತು. ಎರಡನೆಯ ತೋಟಾ ಹೆಪ್ಪುಗಟ್ಟಿದ ಕೋವಿಯಲ್ಲಿ ಸಿಕ್ಕಿಕೊಂಡಿತು. ಕೋವಿ ಎಸೆದು ಚಾಕು ಹಿರಿದು ಮೇಲೆ ಬಿದ್ದೆ. ಅದು ತಲೆ ಹೊರಳಿಸಿತು. ಕೊಂಬಿನ ತುದಿಯೊಂದು ನನ್ನ ತೊಡೆಯನ್ನು ಮೊಣಕಾಲಿನಿಂದ ಮೇಲಕ್ಕೆ ಸೀಳಿತು. ಇನ್ನೊಂದು ಸಲ ಹೊರಳಿಸಿದ್ದರೆ ಹೊಟ್ಟೆ. ಅಷ್ಟರಲ್ಲಿ ಓಯ್ವ ಓಡಿ ಬಂದು ಬರಿಗೈಯಲ್ಲಿ ಕೊಂಬುಗಳೆರಡನ್ನೂ ಹಿಡಿದು ಅದರ ಕತ್ತಿನ ಮೇಲೆ ಮಂಡಿಯೂರಿದ. "ಕುಯ್ಯಿ ಭಾವ, ಕುಯ್ಯಿ, ಜಾರ್ತಾ ಇದೆ" ಎಂದ. ನಾನು ಕುಯ್ದೆ. ಚಾಕು ಮೊಂಡಾಗಿತ್ತೋ ನನ್ನ ಕೈ ಮೊಂಡಾಗಿತ್ತೋ, ಮೂರು ಸಲ ಎಳೆಯಬೇಕಾಯಿತು. ಬಿಸಿ ರಕ್ತ ಇಬ್ಬರ ಮುಖಕ್ಕೂ ಚಿಮ್ಮಿತು. ಅದರ ಕಣ್ಣು ನನ್ನನ್ನು ನೋಡುತ್ತಲೇ ಆರಿಹೋಯಿತು.

ಆಮೇಲೆ ನಾನು ನಿನ್ನ ತಮ್ಮನನ್ನು ಹೊಡೆಯತೊಡಗಿದೆ. ನನ್ನ ಪ್ರಾಣ ಉಳಿಸಿದವನನ್ನು, ಆ ಜಿಂಕೆಯ ಮೇಲೆಯೇ ಕೆಡವಿ, ಚಾಕುವಿನ ಹಿಡಿ ಮುಷ್ಟಿಯಲ್ಲಿರುವಂತೆಯೇ ಹೊಡೆದೆ. ಮೂಗು ಮುರಿದ ಸದ್ದು ಕೇಳಿಸಿತು. ನಿಲ್ಲಿಸಲಿಲ್ಲ. ಅವನು ಒಮ್ಮೆಯೂ ಕೈ ಎತ್ತಲಿಲ್ಲ. ನನಗೆ ಉಸಿರು ಸಾಲದೆ ನಿಂತಾಗ, ಅವನು ರಕ್ತದ ಜೊತೆ ಒಂದು ಹಲ್ಲನ್ನು ಹಿಮದ ಮೇಲೆ ಉಗಿದು, ಹೀಗೆ ಹೇಳಿದ. ಅವನ ಮಾತನ್ನು ನಾನು ತಿದ್ದದೆ ಬರೆಯುತ್ತಿದ್ದೇನೆ:

"ಹೊಡಿ ಅಂದಿದ್ದು ನೀನು, ಭಾವ. ನಾನದನ್ನ ಅಕ್ಕಂಗೆ ಹೇಳಿಲ್ಲ, ಯಾರ್ಗೂ ಹೇಳಿಲ್ಲ. ಸಾಯ್ಸೋದಾದ್ರೆ ಸಾಯ್ಸು. ಆದ್ರೆ ಒಂದ್ಸಲ ನಿನ್ನ ಬಾಯಲ್ಲೇ ಹೇಳ್ಬಿಡು, ನಾನು ಕೇಳಿಸ್ಕೊಂಡು ಸಾಯ್ತೀನಿ."

ಇನ್ನು ನಿನಗೆ ಹೇಳಬೇಕಾದದ್ದನ್ನು ಹೇಳುತ್ತೇನೆ. ಕಳೆದ ವರ್ಷ ನವೆಂಬರ್ ಇಪ್ಪತ್ತೈದರಂದು ಆ ಬೊಡ್ಡೆಯ ಮೇಲೆ ಓಯ್ವ ಕೂತಿದ್ದ. ಅವನ ಹೆಗಲ ಹಿಂದೆ ನಾನು ನಿಂತಿದ್ದೆ. ವಿಚಾರಣೆಯಲ್ಲಿ ನಾವಿಬ್ಬರೂ ಇಷ್ಟನ್ನು ಒಪ್ಪಿದ್ದೆವು. ಒಪ್ಪದೆ ಬಿಟ್ಟದ್ದು ಇದು. ಪೊದೆಯಲ್ಲಿ ಬಿಳುಪು ಮಿಂಚಿದಾಗ ಓಯ್ವ ಕೋವಿ ಎತ್ತಿದ, ಎತ್ತಿ ಇಳಿಸಿದ. ಕೊಂಬು ಕಾಣುತ್ತಿಲ್ಲ, ರೂಬೆನ್ ಎಲ್ಲಿದ್ದಾನೋ ಗೊತ್ತಾಗುತ್ತಿಲ್ಲ ಎಂದು ಪಿಸುಗುಟ್ಟಿದ. ರೂಬೆನ್ ತೊರೆ ದಾಟಿರುತ್ತಾನೆಂದು ನಾನು ಲೆಕ್ಕ ಹಾಕಿದ್ದೆ. ನನ್ನ ಲೆಕ್ಕವನ್ನು ಯಾರೂ ಪ್ರಶ್ನಿಸುವುದು ನನಗೆ ಆಗದು. "ಹೊಡಿಯೋ. ಅಂಗಿಬಾಲ ಕುಯ್ಯಿಸ್ಕೊಳಕ್ಕೆ ಕಾಯ್ತಾ ಇದೀಯೇನು?" ಎಂದೆ. ಅವನು ಆಗಲೂ ತಡೆದ. "ಹೊಡಿ" ಎಂದೆ ಮತ್ತೆ. ಹೊಡೆದ.

ಆ ಎರಡು ಮಾತುಗಳನ್ನು ಅವನು ಒಂದು ವರ್ಷ ನುಂಗಿಕೊಂಡ. ಮಗನನ್ನು ಕಳೆದುಕೊಂಡ ಅಕ್ಕನಿಗೆ ಗಂಡನೂ ಇಲ್ಲದಂತಾಗುವುದು ಬೇಡವೆಂದು ನುಂಗಿಕೊಂಡನಂತೆ. ಆದರೂ ನೀನು ನನ್ನನ್ನು ಬಿಟ್ಟು ಡುಲೂತಿಗೆ, ನಿನ್ನ ಅಕ್ಕನ ಮನೆಗೆ ಹೋದೆ. ನಾನೋ, ಅವನ ಮೌನವನ್ನು ಅಪರಾಧಿಯ ಮೌನವೆಂದು ನನಗೆ ನಾನೇ ಸಾಬೀತುಮಾಡಿ ತೋರಿಸಿದ್ದೆ. ದಿನಕ್ಕೊಮ್ಮೆ ಸಾಬೀತುಮಾಡುತ್ತಿದ್ದೆ. ಚೆನ್ನಾಗಿ ವಾದಿಸಬಲ್ಲವನಿಗೆ ಅತ್ಯಂತ ವಿಧೇಯ ಶ್ರೋತೃ ತಾನೇ.

ಹಿಮದಲ್ಲಿ ಕೂತು ನಾನು ಅವನಿಗೆ ಹೇಳಿದೆ. ನಾನೇ ಹೊಡಿ ಅಂದೆ ಎಂದು ಹೇಳಿದೆ. ಮೂರೇ ಪದಗಳು. ಅವನು ತಲೆಯಾಡಿಸಿದ. ತೂತುಬಿದ್ದ ಬಾಣಲೆಯನ್ನು ಎಳೆದುಕೊಂಡು ಬಂದ ನೆಸ್ಟರ್ ನಮ್ಮಿಬ್ಬರನ್ನೂ ಜಿಂಕೆಯನ್ನೂ ಬಹಳ ಹೊತ್ತು ನೋಡಿ, "ಮೂವರಲ್ಲಿ ಯಾರನ್ನ ಕಂಬಕ್ಕೆ ತೂಗುಹಾಕ್ಬೇಕು ಅಂತ ಒಬ್ಬರಾದ್ರೂ ಹೇಳಿ" ಎಂದ.

ಕತ್ತಲಾಗುವ ಮುನ್ನ ಜಿಂಕೆ ಕಂಬವೇರಿತು. ಕರುಳು ತೆಗೆದವನು ಓಯ್ವ. ಪಿತ್ತದ ಚೀಲವನ್ನು ಒಡೆಯದೆ ತೆಗೆದ. ನಂತರ ಸೌನಾದಲ್ಲಿ, ಉಗಿಸ್ನಾನದ ಆ ಕೋಣೆಯ ಬಿಸಿಯಲ್ಲಿ, ನನ್ನ ತೊಡೆಗೆ ನೆಸ್ಟರ್ ಏಳು ಹೊಲಿಗೆ ಹಾಕಿದ. ನಾನು ಅಲ್ಲಾಡದಂತೆ ಹೆಗಲು ಒತ್ತಿಹಿಡಿದವನೂ ಓಯ್ವನೇ. ಹಲಗೆಗಳ ಸಂದಿಯಿಂದ ಮೂರು ಜೀವಗಳ ರಕ್ತ ಒಟ್ಟಿಗೆ ಇಳಿದುಹೋಯಿತು. ಅವನು ನನ್ನ ಬೆನ್ನಿಗೆ ನೀರು ಹಾಕಿದ.

ಸೋಮವಾರ ನಾನು ವಿಚಾರಣಾಧಿಕಾರಿಯ ಬಳಿ ಹೋಗಿ ಹಿಂದಿನ ಹೇಳಿಕೆಯನ್ನು ಹಿಂತೆಗೆದುಕೊಂಡು ಹೊಸದನ್ನು ಬರೆದುಕೊಡುತ್ತೇನೆ. ಗಣಿಗೂ ರಾಜೀನಾಮೆ ಬರೆದಿದ್ದೇನೆ. ಇತರರ ಸಾವಿಗೆ ಕಾರಣ ಬರೆಯುವ ಅರ್ಹತೆ ನನಗಿಲ್ಲ. ನೀನು ಹಿಂತಿರುಗಬೇಕೆಂದು ನಾನು ಕೇಳುವುದಿಲ್ಲ. ಕೇಳಿದರೆ ಅದಕ್ಕೂ ಒಳ್ಳೆಯ ವಾದವೊಂದು ನನಗೆ ಸಿಕ್ಕಿಬಿಡುತ್ತದೆ.

ಓಯ್ವನ ಟ್ರಕ್ಕಿನಲ್ಲಿ ಜಿಂಕೆಯ ಎರಡು ತೊಡೆಗಳೂ ಬೆನ್ನಿನ ಮಾಂಸವೂ ಇವೆ. ನಿನ್ನ ಅಕ್ಕನ ಮನೆಗೆ ಚಳಿಗಾಲಕ್ಕೆ ಸಾಕು. ನಿನ್ನ ತಮ್ಮ ಇನ್ನು ಹತ್ತು ದಿನ ಅಗಿಯಲಾರ. ಅವನಿಗೆ ಗಂಜಿ ಮಾಡಿಕೊಡು.

ಇಂತು,
ತೌನೊ ನಿಸ್ಕಲ

ಮತ್ತೆ:

ನಿನ್ನ ಎರಡನೆಯ ವಾಕ್ಯಕ್ಕೆ ಉತ್ತರ. ಇದನ್ನು ಓಯ್ವನಿಗೂ ನಾನು ಹೇಳಲಿಲ್ಲ. ನೀನು ಓದಿದ ಮೇಲೆ ಅವನಿಗೂ ಗಟ್ಟಿಯಾಗಿ ಓದಿ ಹೇಳು.

ಬರ್ಚ್ ಮರದ ಆ ತೊಗಟೆಯಲ್ಲಿ, ನನ್ನ ಎದೆಯ ಎತ್ತರದಲ್ಲಿ, ಕಿರುಬೆರಳು ತೂರುವಷ್ಟು ದುಂಡಗಿನ ತೂತಿದೆ. ಅಂಚು ಕಪ್ಪಾಗಿ ಸುರುಳಿಗಟ್ಟಿದೆ. ನಾವು ಹೊಡೆದದ್ದು ಅದಕ್ಕೆ. ರೂಬೆನ್ ಅದರ ಹಿಂದೆ ಬರುತ್ತಿದ್ದ.

ಬಿಳಿ ಕರವಸ್ತ್ರವನ್ನು ಕಂಡು ಮೋಸಹೋದೆವೆಂದು ವಿಚಾರಣೆಯಲ್ಲಿ ಹೇಳಿದವನು ನಾನು. ಬಿಳಿಯದು ಜಿಂಕೆಯ ಬಾಲದಂತೆ ಕಾಣುತ್ತದೆ, ಬೇಟೆಗೆ ಕೆಂಪು ಕರವಸ್ತ್ರವನ್ನೇ ಒಯ್ಯಬೇಕೆಂದು ಈ ನಾಡಿನಲ್ಲಿ ಮಕ್ಕಳಿಗೂ ಗೊತ್ತು. ಕೆಂಪಿನವು ಒಗೆದು ಒದ್ದೆಯಿದ್ದುದರಿಂದ ಆ ಬೆಳಿಗ್ಗೆ ನೀನು ಬಿಳಿಯದೊಂದನ್ನು ಇಸ್ತ್ರಿಮಾಡಿ ಅವನ ಜೇಬಿಗಿಟ್ಟದ್ದು ನನಗೆ ಗೊತ್ತಿತ್ತು. ರಕ್ತದಲ್ಲಿ ನೆನೆದ ಅದನ್ನು ಸುಟ್ಟುಬಿಟ್ಟೆನೆಂದೂ ಹೇಳಿದೆ. ಎಲ್ಲರೂ ಒಪ್ಪಿದರು, ಓಯ್ವನೂ ನಂಬಿದ. ಮೂರನೆಯ ಸಾಲಿನಲ್ಲಿ ಕೂತಿದ್ದ ನೀನು ನಿನ್ನ ಎರಡೂ ಕೈಗಳನ್ನು ಕೋಟಿನ ತೋಳುಗಳೊಳಗೆ ಎಳೆದುಕೊಂಡೆ. ನಾನು ಅದನ್ನು ನೋಡಿದೆ. ನೋಡಿಯೂ ಮಾತು ಮುಂದುವರಿಸಿದೆ.

ಅದು ಬಲಗೈಯಲ್ಲಿರಲಿಲ್ಲ, ಎಡಗೈಯಲ್ಲೂ ಇರಲಿಲ್ಲ. ಸತ್ತ ರೂಬೆನ್‌ನ ಕೋಟಿನ ಒಳಜೇಬಿನಿಂದ ಅದನ್ನು ತೆಗೆದವನು ನಾನು. ಈ ಲಕೋಟೆಯಲ್ಲಿದೆ. ಒಂದು ಹನಿ ತಾಗಿಲ್ಲ, ನೀನು ಹಾಕಿದ ಮಡಿಕೆಯನ್ನು ಯಾರೂ ಬಿಚ್ಚಿಲ್ಲ. ನೀನು ಎಷ್ಟು ಗದರಿದರೂ ಕೇಳುತ್ತಿರಲಿಲ್ಲವಲ್ಲ, ಅವನು ಅಂದೂ ಮೂಗನ್ನು ಅಂಗಿಯ ತೋಳಿಗೇ ಒರೆಸಿಕೊಂಡಿದ್ದ. ಎಡತೋಳಿಗೆ.